ಸೀಸೆಯ ಚಿತ್ರಕಾರ

ಮೂವತ್ತೈದು ವರ್ಷಗಳ ಹಿಂದೆ ನಾನು ಉಪಾಧ್ಯಾಯನಾಗಿ ಸೇರಿದ ಶಾಲೆಯ ಪುಸ್ತಕಭಂಡಾರದಲ್ಲಿ ಬೆನ್ನುಕಟ್ಟು ಕಿತ್ತುಹೋಗಿದ್ದ ಒಂದು ‘ಆಲಿವರ್ ಟ್ವಿಸ್ಟ್’ ಇತ್ತು. ಅದನ್ನು ಓದಿದ ಹುಡುಗರು ಕಡಿಮೆ. ಆದರೆ ಅದರ ಒಂದು ಪುಟ ಮಾತ್ರ ಬೆರಳ ಗುರುತುಗಳಿಂದ ಕಂದಿಹೋಗಿತ್ತು. ಮರಣದಂಡನೆಗೆ ಗುರಿಯಾದ ಮುದುಕ ಫೇಗಿನ್, ಸೆರೆಮನೆಯ ಕೋಣೆಯಲ್ಲಿ ಉಗುರು ಕಚ್ಚುತ್ತ, ಕಣ್ಣು ಕೆರಳಿಸಿಕೊಂಡು ಕುಳಿತಿರುವ ಚಿತ್ರದ ಪುಟ ಅದು. ಕಥೆ ಏನೆಂದು ತಿಳಿಯದವರೂ ಆ ಚಿತ್ರವನ್ನು ನೋಡಿ ಬೆದರಿದ್ದರು. ಅಡಿಯಲ್ಲಿ ಚಿತ್ರಕಾರನ ಹೆಸರು ಸಣ್ಣಕ್ಷರದಲ್ಲಿತ್ತು: ಜಾರ್ಜ್ ಕ್ರುಕ್‌ಷ್ಯಾಂಕ್. ಅಂದಿನಿಂದ ಈ ಮನುಷ್ಯ ನನ್ನನ್ನು ಬಿಟ್ಟಿಲ್ಲ. ಆತನ ಚಿತ್ರಗಳನ್ನು ಸಿಕ್ಕಲ್ಲಿ ಹುಡುಕಿ ನೋಡಿದ್ದೇನೆ, ಆತನ ಬಾಳಿನ ವಿವರಗಳನ್ನು ಕೂಡಿಹಾಕಿದ್ದೇನೆ. ಆತನನ್ನು ಮೆಚ್ಚಬೇಕೋ ಮರುಗಬೇಕೋ ಎಂಬುದು ಮಾತ್ರ ಬಹುಕಾಲ ನನಗೆ ತೀರ್ಮಾನವಾಗಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರ ಹೇಗೆ ಕುಣಿಯಿತು, ಕುಡಿಯಿತು, ಜೂಜಾಡಿತು, ಜಾತ್ರೆ ನೆರೆಯಿತು, ಬೀದಿಯಲ್ಲಿ ಬಿದ್ದಿತು ಎಂಬುದನ್ನು ಕಣ್ಣಾರೆ ಕಾಣಬೇಕಾದರೆ ನಾವು ಈತನ ಬಳಿಗೆ ಹೋಗಬೇಕು. ನಗರದ ವಿನೋದವನ್ನು ಬಣ್ಣಬಣ್ಣವಾಗಿ ಬರೆದು ಮೊದಲು ಹೆಸರು ಪಡೆದವನೂ ಅವನೇ. ಅದೇ ವಿನೋದದ ತಳದಲ್ಲಿ ಹೊಂಚುಹಾಕಿದ್ದ ಮೃತ್ಯುವನ್ನು ಬರೆದು ಜನರನ್ನು ನಡುಗಿಸಿದವನೂ ಅವನೇ. ಒಬ್ಬನೇ ಮನುಷ್ಯ ಪ್ರಲೋಭನೆಯ ಪ್ರಚಾರಕನೂ ಅದರ ಪರಮ ವೈರಿಯೂ ಆದದ್ದು ಹೇಗೆ? ಈ ಪ್ರಶ್ನೆಯೇ ಆತನ ಜೀವನಚರಿತ್ರೆ.

ಜಾರ್ಜ್ ಹುಟ್ಟಿದ್ದು 1792ನೆಯ ಸೆಪ್ಟೆಂಬರ್ 27ರಂದು, ಲಂಡನ್ನಿನ ಬ್ಲೂಮ್ಸ್‌ಬರಿ ಭಾಗದಲ್ಲಿ. ತಂದೆ ಐಸಾಕ್ ಕ್ರುಕ್‌ಷ್ಯಾಂಕ್ ಸ್ಕಾಟ್ಲೆಂಡಿನಿಂದ ಬದುಕನ್ನರಸಿ ಬಂದ ವ್ಯಂಗ್ಯಚಿತ್ರಕಾರ. ಮನೆಯೇ ಕಾರ್ಖಾನೆ. ತಂದೆ ತಾಮ್ರದ ತಗಡಿನ ಮೇಲೆ ಗೆರೆ ಕೊರೆಯುವನು. ತಾಯಿ ಮುದ್ರಿತವಾಗಿ ಬಂದ ಹಾಳೆಗಳಿಗೆ ಕುಂಚದಿಂದ ಬಣ್ಣ ತುಂಬುವಳು. ಮಕ್ಕಳಿಗೆ ಕೈ ತಿರುಗಿದೊಡನೆ ಹಿನ್ನೆಲೆಯ ಗೋಡೆ, ಗಿಡ, ಕುರ್ಚಿಗಳ ಕೆಲಸ. ಜಾರ್ಜ್ ಚಿತ್ರಶಾಲೆಗೆ ಹೋಗಿ ಶಿಸ್ತಾಗಿ ಕಲಿತವನಲ್ಲ. ಕಮ್ಮಾರನ ಮಗ ಕುಲುಮೆಯ ಬಳಿ ಕಲಿಯುವಂತೆ ತಂದೆಯ ಮೇಜಿನ ಬಳಿ ಕಲಿತವನು. ಎಳೆಯ ವಯಸ್ಸಿನಲ್ಲಿಯೇ ಮಕ್ಕಳ ಲಾಟರಿ ಚೀಟಿಗಳಿಗೂ ಹಾಡಿನ ಹಾಳೆಗಳಿಗೂ ಚಿತ್ರ ಬರೆದು ಹಣ ಸಂಪಾದಿಸತೊಡಗಿದ.

ಅಣ್ಣ ರಾಬರ್ಟ್ ಕೂಡ ಚಿತ್ರಕಾರನೇ. ಆದರೆ ಮೊದಲು ಸಮುದ್ರದ ಆಸೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಕೆಲಸಕ್ಕೆ ಸೇರಿದ್ದ. ಸೇಂಟ್ ಹೆಲೆನಾ ದ್ವೀಪದಲ್ಲಿ ಹಡಗು ಅವನನ್ನು ಬಿಟ್ಟು ಮುಂದೆ ಸಾಗಿಬಿಟ್ಟಿತು. ಮಗ ಸತ್ತನೆಂದೇ ಬಗೆದು ಮನೆಯವರು ಶೋಕದಲ್ಲಿದ್ದಾಗ ಆತ ಬಾಗಿಲಿಗೆ ಬಂದು ನಿಂತನಂತೆ. ಇಂಥ ಸಂತೋಷ ಆ ಮನೆಗೆ ಅಪರೂಪ. ತಂದೆಗೆ ಕುಡಿತ ಅಂಟಿತ್ತು. 1811ರಲ್ಲಿ, ಇನ್ನೂ ಐವತ್ತು ತುಂಬದಿದ್ದಾಗಲೇ, ಪಣ ಕಟ್ಟಿ ಮಿತಿಮೀರಿ ಕುಡಿದದ್ದರ ಪರಿಣಾಮವಾಗಿ ಆತ ತೀರಿಕೊಂಡನೆಂಬುದು ಆ ಕುಟುಂಬದ ಕಥೆ. ಆಗ ಜಾರ್ಜನಿಗೆ ಹದಿನೆಂಟು ವರ್ಷ. ಈ ಒಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೂವತ್ತಾರು ವರ್ಷಗಳ ಮೇಲೆ ಅದು ಮತ್ತೆ ತಲೆಯೆತ್ತುತ್ತದೆ.

ಆ ಕಾಲದ ಚಿತ್ರವ್ಯಾಪಾರದ ರೀತಿಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಬಣ್ಣದ ಮುದ್ರಣಯಂತ್ರಗಳು ಇನ್ನೂ ಬಳಕೆಗೆ ಬಂದಿರಲಿಲ್ಲ. ತಾಮ್ರದ ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಗೆರೆ ಎಳೆದು, ಆಮ್ಲದಲ್ಲಿ ಅದ್ದಿದರೆ ಗೆರೆಯಿದ್ದ ಕಡೆ ಲೋಹ ಕರಗಿ ಕಾಲುವೆಯಾಗುತ್ತಿತ್ತು. ಅದರಲ್ಲಿ ಮಸಿ ತುಂಬಿ ಕಾಗದವನ್ನು ಒತ್ತುತ್ತಿದ್ದರು. ಬಳಿಕ ಒಂದೊಂದು ಹಾಳೆಗೂ ಕೈಯಿಂದಲೇ ಜಲವರ್ಣ. ಬರಿಯ ಹಾಳೆಗೆ ಒಂದು ಷಿಲಿಂಗ್ ಎಂದರೆ ಬಣ್ಣದ ಹಾಳೆಗೆ ಸಾಮಾನ್ಯವಾಗಿ ಎರಡು. ಕೊಳ್ಳಲಾರದವರು ಅಂಗಡಿಯ ಗಾಜಿನ ಮುಂದೆ ಗುಂಪುಗೂಡಿ ಪುಕ್ಕಟೆಯಾಗಿ ನೋಡಿ ನಗುತ್ತಿದ್ದರು. ಉಳ್ಳವರು ಒಂದು ಸಂಜೆಯ ವಿನೋದಕ್ಕಾಗಿ ಚಿತ್ರಗಳ ಕಟ್ಟನ್ನು ಬಾಡಿಗೆಗೆ ತರುವ ಪದ್ಧತಿಯೂ ಇತ್ತು. ಈ ವ್ಯಾಪಾರದ ಚಕ್ರವರ್ತಿ ಜೇಮ್ಸ್ ಗಿಲ್ರೇ. ಆತನಿಗೆ ಬುದ್ಧಿಭ್ರಮಣೆಯಾದಾಗ ಆತ ಅರ್ಧಕ್ಕೆ ಬಿಟ್ಟ ತಗಡುಗಳನ್ನು ಮುಗಿಸಿಕೊಡಲು ಕರೆಬಂದದ್ದು ಯುವಕ ಜಾರ್ಜನಿಗೆ. ಗುರುವಿನ ಮೇಜೂ ಕಾಲಕ್ರಮದಲ್ಲಿ ಶಿಷ್ಯನ ಕೈ ಸೇರಿತು.

ಇಪ್ಪತ್ತರ ಹರೆಯದ ಜಾರ್ಜ್ ನೆಪೋಲಿಯನ್ನನನ್ನೂ ಬಿಡಲಿಲ್ಲ, ತನ್ನ ದೇಶದ ರಾಜಪ್ರತಿನಿಧಿಯನ್ನೂ ಬಿಡಲಿಲ್ಲ. ಸ್ಥೂಲಕಾಯನೂ ಭೋಗಪ್ರಿಯನೂ ಆದ ಆ ರಾಜಕುಮಾರ ಸಿಂಹಾಸನವೇರಿದ 1820ನೆಯ ವರ್ಷ, ಅರಸನನ್ನು ಅನೈತಿಕ ಸನ್ನಿವೇಶಗಳಲ್ಲಿ ಚಿತ್ರಿಸುವುದಿಲ್ಲವೆಂದು ಬರೆದುಕೊಟ್ಟು ಜಾರ್ಜ್ 100 ಪೌಂಡು ಪಡೆದ. ಬಡಕಲಾವಿದ ಹಣ ತೆಗೆದುಕೊಂಡ ಎಂದು ನಾವು ಮೂಗು ಮುರಿಯಬಹುದು. ಆದರೆ ಅದಕ್ಕೆ ಒಂದು ವರ್ಷ ಹಿಂದೆ ಆತ ಮಾಡಿದ್ದ ಕೆಲಸವನ್ನೂ ನೆನೆಯಬೇಕು. ಒಂದು ಪೌಂಡಿನ ಖೋಟಾ ನೋಟು ಚಲಾಯಿಸಿದ್ದಕ್ಕಾಗಿ ಹೆಂಗಸರನ್ನು ನ್ಯೂಗೇಟ್ ಸೆರೆಮನೆಯ ಮುಂದೆ ನೇಣುಹಾಕಿದ್ದನ್ನು ಕಂಡು ಆತನ ಕರುಳು ಕಿವುಚಿತು. ಮನೆಗೆ ಬಂದು ಬ್ಯಾಂಕಿನ ನೋಟಿನಂತೆಯೇ ಕಾಣುವ ಒಂದು ಅಣಕು ನೋಟು ಬರೆದ. ಅದರಲ್ಲಿ ಅಲಂಕಾರವೆಂದರೆ ಸಾಲುಗಟ್ಟಿ ತೂಗಾಡುವ ಹೆಣಗಳು. ಪ್ರಕಾಶಕ ವಿಲಿಯಂ ಹೋನನ ಅಂಗಡಿಯ ಮುಂದೆ ಬೀದಿ ಕಟ್ಟಿಹೋಗುವಷ್ಟು ಜನ. ಆ ಕ್ರೂರ ಶಿಕ್ಷೆಯನ್ನು ನಿಲ್ಲಿಸಿದ್ದು ತನ್ನ ಚಿತ್ರವೇ ಎಂದು ಆತ ಕಡೆಯವರೆಗೂ ನಂಬಿದ್ದ. ಚರಿತ್ರಕಾರರು ಇತರ ಕಾರಣಗಳನ್ನೂ ಹೇಳುತ್ತಾರೆ. ಆದರೆ ಚಿತ್ರವೊಂದು ಲೋಕವನ್ನು ತಿದ್ದಬಲ್ಲುದೆಂಬ ವಿಶ್ವಾಸ ಆತನಲ್ಲಿ ಬೇರೂರಿದ್ದು ಅಲ್ಲಿಯೇ ಎಂಬುದರಲ್ಲಿ ಸಂದೇಹವಿಲ್ಲ.

ಇಷ್ಟಾದರೂ ಮನೆಮಾತಾಗಿಸುವ ಕೀರ್ತಿ ಬಂದದ್ದು ಕರುಣೆಯಿಂದಲ್ಲ, ಮೋಜಿನಿಂದ. 1821ರಲ್ಲಿ ಪುಸ್ತಕವಾಗಿ ಪೂರ್ಣಗೊಂಡ ‘ಲೈಫ್ ಇನ್ ಲಂಡನ್’ ಎಂಬ ಕೃತಿಯ ಗದ್ಯ ಪಿಯರ್ಸ್ ಈಗನ್ನನದು. ಅದರ 36 ಬಣ್ಣದ ಚಿತ್ರಗಳು ರಾಬರ್ಟ್ ಮತ್ತು ಜಾರ್ಜ್ ಸಹೋದರರವು. ಹಳ್ಳಿಯಿಂದ ಬಂದ ಜೆರ್ರಿ ಎಂಬ ತರುಣನಿಗೆ ನಗರದ ರಸಿಕ ಟಾಮ್ ರಾಜಧಾನಿಯನ್ನು ತೋರಿಸುತ್ತಾನೆ. ಇಬ್ಬರೂ ಶ್ರೀಮಂತರ ನೃತ್ಯಶಾಲೆಗೆ ಹೋಗುತ್ತಾರೆ. ಅದೇ ಉತ್ಸಾಹದಿಂದ ಪೂರ್ವಭಾಗದ ಜಿನ್ ಅಂಗಡಿಯಲ್ಲಿ ನಾವಿಕರೊಡನೆಯೂ ಕೂಲಿಹೆಂಗಸರೊಡನೆಯೂ ಕುಣಿಯುತ್ತಾರೆ. ಕೋತಿಗೂ ನಾಯಿಗೂ ಕಾಳಗ ಹೂಡಿದ ಅಖಾಡ, ಜೂಜಿನ ಮನೆ, ವಾಕ್ಸ್‌ಹಾಲಿನ ದೀಪಾಲಂಕೃತ ಉದ್ಯಾನ, ನಾಟಕಶಾಲೆಯ ಮೊಗಸಾಲೆ, ಎಲ್ಲವನ್ನೂ ನೋಡುತ್ತಾರೆ. ರಾತ್ರಿಯ ಮುದಿ ಕಾವಲುಗಾರನ ಮರದ ಗೂಡನ್ನು ಅವನ ಸಮೇತ ಉರುಳಿಸಿ ನಗುತ್ತಾರೆ. ಆ ಚಿತ್ರಗಳಲ್ಲಿ ನೀಲಿ ಕೋಟು, ಹಳದಿ ಚಲ್ಲಣ, ಗುಲಾಬಿ ಕೆನ್ನೆ, ಮೇಣದಬತ್ತಿಯ ಹೊಂಬೆಳಕು ಒಂದರೊಡನೊಂದು ಕೂಡಿ ಕುಣಿಯುತ್ತವೆ. ನೋಡುವವನಿಗೂ ಎದ್ದು ಹೊರಡಬೇಕೆನಿಸುತ್ತದೆ.

ಎದ್ದು ಹೊರಟವರು ಬಹುಮಂದಿ. ಪುಸ್ತಕವನ್ನು ಅರಸನಿಗೇ ಅರ್ಪಿಸಲಾಗಿತ್ತು. ಅಡೆಲ್ಫಿ ರಂಗಮಂದಿರದಲ್ಲಿ ಅದರ ನಾಟಕರೂಪಕ್ಕೆ ಜನ ಮುಗಿಬಿದ್ದರು. ಟಾಮ್ ಮತ್ತು ಜೆರ್ರಿಯರ ವೇಷ, ಭಾಷೆ, ಪುಂಡಾಟಗಳನ್ನು ಲಂಡನ್ನಿನ ತರುಣರು ಅನುಕರಿಸತೊಡಗಿದರು. ಬೀದಿಯ ಕಾವಲುಗಾರರು ನಿಜವಾಗಿಯೂ ಉರುಳತೊಡಗಿದರು. ಎಚ್ಚರಿಕೆಯಾಗಬೇಕಾಗಿದ್ದ ಪುಸ್ತಕ ಕೈಪಿಡಿಯಾಯಿತೆಂದು ಬೇಸತ್ತು ತಾನು ನಡುವೆಯೇ ಹಿಂದೆ ಸರಿದು, ಹೆಚ್ಚಿನ ಕೆಲಸವನ್ನು ಅಣ್ಣನಿಗೆ ಬಿಟ್ಟೆನೆಂದು ಜಾರ್ಜ್ ಮುಂದೆ ಹೇಳಿಕೊಂಡದ್ದುಂಟು. ಮುಪ್ಪಿನಲ್ಲಿ ಯೌವನವನ್ನು ತಿದ್ದಿ ನೆನೆಯುವುದು ಮನುಷ್ಯಸ್ವಭಾವ. ಆ ದಿನಗಳಲ್ಲಿ ಜಾರ್ಜ್ ತಾನೇ ಒಬ್ಬ ಟಾಮ್ ಆಗಿದ್ದ. ರಾತ್ರಿಯ ಕೂಟಗಳಲ್ಲಿ ಮೇಜಿನ ಮೇಲೆ ಹತ್ತಿ ಹಾಡುವವನು, ಬೆಳಗಿನ ಜಾವ ಮಸಿ ಹಿಡಿದ ಬಟ್ಟೆಯಲ್ಲಿ ಮನೆಗೆ ಮರಳುವವನು. ಆತ ನೋಡದೆ ಬರೆದದ್ದು ಕಡಿಮೆ. ನೋಡಿದ್ದಷ್ಟೇ ಅಲ್ಲ, ಕುಡಿದು ಬರೆದದ್ದೂ ಉಂಟು.

ಆದರೆ ಆ ಕಣ್ಣು ಕೇವಲ ರಸಿಕನ ಕಣ್ಣಾಗಿರಲಿಲ್ಲ. 1825ರಲ್ಲಿ ಮದ್ಯಸಾರದ ಮೇಲಣ ತೆರಿಗೆ ತಗ್ಗಿದ್ದೇ ತಡ, ಅಗ್ಗದ ಜಿನ್ ನಗರವನ್ನು ತುಂಬಿತು. ಕತ್ತಲು ಕವಿದ ಹಳೆಯ ಗುಡಂಗಡಿಗಳ ಜಾಗದಲ್ಲಿ ದೊಡ್ಡ ಗಾಜಿನ ಕಿಟಕಿ, ಅನಿಲದೀಪ, ಚಿನ್ನದ ಲೇಪಗಳಿಂದ ಝಗಝಗಿಸುವ ಜಿನ್ ಅರಮನೆಗಳು ಎದ್ದವು. ಹಗಲೆಲ್ಲ ದುಡಿದು, ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುವವನಿಗೆ ಅದೊಂದೇ ಬೆಳಕಿನ, ಬೆಚ್ಚನೆಯ ಸ್ಥಳ. ಜಾರ್ಜ್ 1829ರಲ್ಲಿ ಬರೆದ ‘ಜಿನ್ ಅಂಗಡಿ’ಯನ್ನು ನೋಡಿ. ಗಂಡ, ಹೆಂಡತಿ, ಮಕ್ಕಳು ಅಂಗಡಿಯ ಮುಂದೆ ನಿಂತು ಕುಡಿಯುತ್ತಿದ್ದಾರೆ. ತಾಯಿ ಕಂಕುಳ ಕೂಸಿಗೂ ಗುಟುಕು ಕೊಡುತ್ತಿದ್ದಾಳೆ. ಅವರು ನಿಂತಿರುವುದು ನೆಲದ ಮೇಲಲ್ಲ, ಬಾಯ್ದೆರೆದ ಉಕ್ಕಿನ ಬೋನಿನೊಳಗೆ. ಜಿನ್ ತುಂಬಿದ ಪೀಪಾಯಿಗಳು ಶವಪೆಟ್ಟಿಗೆಯ ಆಕಾರದವು. ಬಟ್ಟಲು ನೀಡುವ ಸುಂದರಿಯ ಮುಖ ಮುಖವಾಡ. ಹಿಂದೆ ಇರುವುದು ಎಲುಬಿನ ಹಂದರ. ಕಾವಲುಗಾರನ ವೇಷದಲ್ಲಿ ಮೃತ್ಯುವೇ ಒಳಗೆ ಬಂದು ಹೊತ್ತು ಕಾಯುತ್ತಿದೆ. ಎಂಟು ವರ್ಷಗಳ ಹಿಂದೆ ಟಾಮನೂ ಜೆರ್ರಿಯೂ ಉರುಳಿಸಿ ನಕ್ಕಿದ್ದ ಕಾವಲುಗಾರ ಈಗ ಯಾರೂ ಉರುಳಿಸಲಾರದ ರೂಪದಲ್ಲಿ ಮರಳಿ ಬಂದನೇನೋ ಎಂದು ನನಗೆ ತೋರುತ್ತದೆ.

ಇದೇ ಸಾಲಿನ ಮತ್ತೊಂದು ಚಿತ್ರ ನಮಗೆ ವಿಶೇಷ ಕುತೂಹಲದ್ದು. 1830ರ ದಶಕದ ನಡುಭಾಗದಲ್ಲಿ ಆತ ಜಿನ್ನನ್ನು ಜಗನ್ನಾಥನ ರಥವಾಗಿ ಬರೆದ: ಬೆಟ್ಟದಂಥ ಜಿನ್ನಿನ ರಥ ಉರುಳುತ್ತಿದೆ, ಜನ ಅದರ ಗಾಲಿಗಳಿಗೆ ಸಿಕ್ಕಿ ನುಚ್ಚಾಗುತ್ತಿದ್ದಾರೆ. ಪುರಿಯ ತೇರಿನ ಕೆಳಗೆ ಭಕ್ತರು ತಾವಾಗಿ ಬಿದ್ದು ಸಾಯುತ್ತಾರೆಂಬ, ಬಹುಮಟ್ಟಿಗೆ ಉತ್ಪ್ರೇಕ್ಷೆಯಾದ ವರದಿಗಳನ್ನು ಪಾಶ್ಚಾತ್ಯರು ಆಗ ಹರಡಿದ್ದರು; ಎದುರಿಲ್ಲದ ಕುರುಡು ಶಕ್ತಿಗೆ ಜಗನ್ನಾಥನ ಹೆಸರೇ ಇಂಗ್ಲಿಷಿನಲ್ಲಿ ಒಂದು ಪದವಾಗಿ ಉಳಿಯಿತು. ಎಲ್ಲ ಜಾತಿಯವರೂ ಹಗ್ಗಕ್ಕೆ ಕೈಹಚ್ಚಿ ಎಳೆಯುವ ಆ ತೇರಿನ ಸಂಭ್ರಮ ಜಾರ್ಜನಿಗೆ ತಿಳಿಯದು. ಆದರೆ ಆತನ ವ್ಯಂಗ್ಯದ ಮೊನೆ ಇದ್ದದ್ದು ತನ್ನ ಜನರತ್ತಲೇ: ದೂರದ ಭಾರತದ ಮೂಢಭಕ್ತಿಯ ಕಥೆ ಕೇಳಿ ಮರುಗುವ ನೀವು ನಿಮ್ಮ ಬೀದಿಯಲ್ಲಿ ದಿನವೂ ಉರುಳುವ ರಥವನ್ನು ಕಾಣಿರೇಕೆ ಎಂಬುದು ಆ ಚಿತ್ರದ ಪ್ರಶ್ನೆ. ಹೋಲಿಕೆ ನಮಗೆ ನೋವು ತಂದರೂ ಪ್ರಶ್ನೆಯ ನ್ಯಾಯವನ್ನು ಒಪ್ಪಲೇಬೇಕು.

ಈ ನಡುವೆ ಕೀರ್ತಿ ಬೆಳೆಯಿತು. 1823ರಲ್ಲಿ ಗ್ರಿಮ್ ಸಹೋದರರ ಜಾನಪದ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಬರೆದ ಪುಟ್ಟ ಚಿತ್ರಗಳನ್ನು ಮುಂದೆ ರಸ್ಕಿನ್ನನಂಥ ಕಟ್ಟುನಿಟ್ಟಿನ ವಿಮರ್ಶಕ ಮುಕ್ತಕಂಠದಿಂದ ಹೊಗಳಿದ. 1836ರಲ್ಲಿ ಚಾರ್ಲ್ಸ್ ಡಿಕನ್ಸ್ ಎಂಬ ತರುಣ ಪತ್ರಕರ್ತನ ಮೊದಲ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟವನು ಜಾರ್ಜನೇ. ಆಗ ಹೆಸರಾಂತವನು ಚಿತ್ರಕಾರ, ಲೇಖಕನಲ್ಲ. ‘ಆಲಿವರ್ ಟ್ವಿಸ್ಟ್’ಗೆ 24 ಚಿತ್ರಗಳನ್ನು ಆತ ಬರೆದ. ಕಥೆಯ ಮೂಲಕಲ್ಪನೆ ತನ್ನದೆಂದು ಡಿಕನ್ಸ್ ಸತ್ತ ಮೇಲೆ, 1871ರಲ್ಲಿ, ಪತ್ರಿಕೆಗೆ ಬರೆದು ಗದ್ದಲವೆಬ್ಬಿಸಿದ್ದು ಬೇರೆ ಮಾತು. ಅದನ್ನು ಒಪ್ಪಿದವರು ವಿರಳ. 1835ರಿಂದ 1853ರವರೆಗೆ ಹೊರಟ ‘ಕಾಮಿಕ್ ಆಲ್ಮನ್ಯಾಕ್’ ಎಂಬ ವಾರ್ಷಿಕ ಪಂಚಾಂಗದಲ್ಲಿ ವಿಕ್ಟೋರಿಯಾ ಯುಗದ ನಗರದ ಹಬ್ಬ, ಮಳೆ, ಜಾತ್ರೆ, ನೂಕುನುಗ್ಗಲುಗಳು ತಿಂಗಳು ತಿಂಗಳಾಗಿ ಚಿತ್ರಿತವಾಗಿವೆ. 1851ರ ಮಹಾಪ್ರದರ್ಶನಕ್ಕಂತೂ ಭೂಗೋಳದ ಎಲ್ಲ ದಿಕ್ಕುಗಳಿಂದ ಜನ ಇರುವೆಗಳಂತೆ ಸಾಲುಗಟ್ಟಿ ಗಾಜಿನ ಅರಮನೆಯತ್ತ ಹರಿಯುವಂತೆ ಬರೆದಿದ್ದಾನೆ.

ಆತನ ಬಾಳಿನ ನಡುಗಂಬವೆಂದರೆ 1847ರಲ್ಲಿ ಹೊರಬಂದ ‘ಸೀಸೆ’. ಎಂಟೇ ಚಿತ್ರಗಳು. ಮೊದಲನೆಯದರಲ್ಲಿ ನೆಮ್ಮದಿಯ ಒಂದು ಕಾರ್ಮಿಕ ಸಂಸಾರ: ಒಲೆಯಲ್ಲಿ ಉರಿ, ಬೆಕ್ಕು ಮತ್ತು ಮರಿ, ಗೋಡೆಯ ಮೇಲೆ ಊರ ಗುಡಿಯ ಚಿತ್ರ, ಆಟವಾಡುವ ಮೂರು ಮಕ್ಕಳು. ಗಂಡ ಸೀಸೆ ತೆಗೆದು ಹೆಂಡತಿಗೆ ಒಂದೇ ಒಂದು ಗುಟುಕು ಎಂದು ಒತ್ತಾಯಿಸುತ್ತಾನೆ. ಎರಡನೆಯದರಲ್ಲಿ ಕೆಲಸ ಹೋಗಿದೆ, ಬಟ್ಟೆ ಅಡವಿಗೆ ಹೊರಟಿದೆ. ಮೂರನೆಯದರಲ್ಲಿ ಸಾಲಗಾರರ ಜಪ್ತಿ. ನಾಲ್ಕನೆಯದರಲ್ಲಿ ಬೀದಿಯ ಭಿಕ್ಷೆ. ಐದನೆಯದರಲ್ಲಿ ಕಿರಿಯ ಕೂಸಿನ ಶವಪೆಟ್ಟಿಗೆ. ಆರನೆಯದರಲ್ಲಿ ಹೊಡೆದಾಟ. ಏಳನೆಯದರಲ್ಲಿ ಅದೇ ಸೀಸೆಯಿಂದ ಹೆಂಡತಿಯ ಕೊಲೆ. ಎಂಟನೆಯದರಲ್ಲಿ ಹುಚ್ಚಾಸ್ಪತ್ರೆಯ ಕಂಬಿಗಳ ನಡುವೆ ಆ ಗಂಡ. ನೋಡಲು ಬಂದ ಮಗ ಮತ್ತು ಮಗಳ ಥಳಕಿನ ಉಡುಪೇ ಅವರು ಹಿಡಿದಿರುವ ದಾರಿಯನ್ನು ಹೇಳುತ್ತದೆ. ಎಂಟರಲ್ಲಿಯೂ ಬದಲಾಗದ ಪಾತ್ರ ಒಂದೇ, ಆ ಸೀಸೆ.

ಈ ಚಿತ್ರಗಳಲ್ಲಿ ಹಳೆಯ ನಯವಿಲ್ಲ, ಗೆರೆ ಒರಟು. ಅದಕ್ಕೆ ಕಾರಣವಿದೆ. ಬಡವನ ಗೋಡೆಗೆ ತಲುಪಲೆಂದು ಆತ ಬೇಕೆಂದೇ ಗ್ಲೈಫೋಗ್ರಫಿ ಎಂಬ ಹೊಸ ಅಗ್ಗದ ವಿಧಾನವನ್ನು ಆರಿಸಿಕೊಂಡ. ಮೇಣದ ಲೇಪದಲ್ಲಿ ಕೊರೆದ ಗೆರೆಯಿಂದ ವಿದ್ಯುತ್ತಿನ ಸಹಾಯದಿಂದ ಲೋಹದ ಅಚ್ಚು ತೆಗೆದು, ಅಕ್ಷರಗಳನ್ನು ಅಚ್ಚುಹಾಕುವ ಯಂತ್ರದಲ್ಲಿಯೇ ಸಾವಿರಗಟ್ಟಲೆ ಪ್ರತಿ ತೆಗೆಯಬಹುದಾಗಿತ್ತು. ಎಂಟು ಚಿತ್ರಕ್ಕೆ ಒಂದು ಷಿಲಿಂಗ್. ವರ್ಣಛಾಯೆ ಕೊಟ್ಟ ಪ್ರತಿಗಳು ಉಳ್ಳವರಿಗೆ ಹೆಚ್ಚಿನ ಬೆಲೆಗೆ. ಪ್ರತಿಗಳು ಹತ್ತಾರು ಸಾವಿರ ಮಾರಾಟವಾದವು. ಲಂಡನ್ನಿನ ನಾಟಕಶಾಲೆಗಳು ಒಂದರ ಹಿಂದೊಂದು ಅದನ್ನು ರಂಗಕ್ಕೆ ತಂದವು. ಕವಿ ಮ್ಯಾಥ್ಯೂ ಅರ್ನಾಲ್ಡ್ ಅದನ್ನು ಕಂಡು ಒಂದು ಸುನೀತ ಬರೆದ. ಟಾಮ್ ಮತ್ತು ಜೆರ್ರಿಯರಿಗೆ ಚಪ್ಪಾಳೆ ತಟ್ಟಿದ ನಗರ, ಇಪ್ಪತ್ತಾರು ವರ್ಷಗಳ ಮೇಲೆ ಅದೇ ಕೈಯ ಚಿತ್ರಕ್ಕೆ ಕಣ್ಣೀರಿಟ್ಟಿತು.

ಚಿತ್ರಗಳನ್ನು ಬರೆದಾಗ ಚಿತ್ರಕಾರ ಇನ್ನೂ ಕುಡಿಯುತ್ತಿದ್ದ. ಪಾನನಿರೋಧ ಸಂಘದ ಅಧ್ಯಕ್ಷ ವಿಲಿಯಂ ಕ್ಯಾಷ್ ಎಂಬ ಕ್ವೇಕರ್ ಸಜ್ಜನನ ಬಳಿಗೆ ಅವನ್ನು ಒಯ್ದಾಗ ಆತ ಮೆಚ್ಚಿ ನೋಡಿ, ಇಷ್ಟೆಲ್ಲ ಬಲ್ಲ ನೀನು ಹೇಗೆ ಕುಡಿಯುತ್ತೀಯೆಂದು ಕೇಳಿದನಂತೆ. ಜಾರ್ಜನ ಬಳಿ ಉತ್ತರವಿರಲಿಲ್ಲ. ಐವತ್ತೈದರ ಹೊಸ್ತಿಲಲ್ಲಿದ್ದ ಆತ ಅಂದು ಬಿಟ್ಟ ಕುಡಿತವನ್ನು ಮತ್ತೆ ಮುಟ್ಟಲಿಲ್ಲ. ತಂದೆಯ ಸಾವಿಗೆ ಮಗ ತೆತ್ತ ಋಣವದು. ತನ್ನ ಚಿತ್ರದಿಂದ ಮೊದಲು ತಿದ್ದಿಕೊಂಡವನು ತಾನೇ ಆದ ಕಲಾವಿದರು ಲೋಕದಲ್ಲಿ ಎಷ್ಟು ಮಂದಿ ಇದ್ದಾರು?

ಮಾರನೆಯ ವರ್ಷ ‘ಕುಡುಕನ ಮಕ್ಕಳು’ ಎಂಬ ಮತ್ತೆ ಎಂಟು ಚಿತ್ರಗಳು ಬಂದವು. ಮಗ ಕಳ್ಳನಾಗಿ ಶಿಕ್ಷೆಗೊಳಗಾಗಿ ಸೆರೆಹಡಗಿನಲ್ಲಿ ಸಾಯುತ್ತಾನೆ. ಮಗಳು ಸೇತುವೆಯಿಂದ ಹೊಳೆಗೆ ಹಾರುತ್ತಾಳೆ. ಗಾಳಿಯಲ್ಲಿ ಬೀಳುತ್ತಿರುವ ಆ ಹುಡುಗಿಯ ಚಿತ್ರದಷ್ಟು ಭೀಕರವಾದುದನ್ನು ಆತ ಇನ್ನೊಂದು ಬರೆದಿಲ್ಲ. ಆದರೆ ಮಿತ್ರ ಡಿಕನ್ಸ್ ಕಲೆಯನ್ನು ಹೊಗಳಿ, ತಿರುಳನ್ನು ಆಕ್ಷೇಪಿಸಿದ. ಕುಡಿತ ಸುಖಿಯಾದ ಸಂಸಾರದಲ್ಲಿ ಒಂದು ಗುಟುಕಿನಿಂದ ಆಕಸ್ಮಿಕವಾಗಿ ಹುಟ್ಟುವುದಿಲ್ಲ. ಕೊಳಕು ಬೀದಿ, ಗಾಳಿಯಿಲ್ಲದ ಮನೆ, ಅಜ್ಞಾನ, ನಿರಾಶೆಗಳಲ್ಲಿ ಅದರ ಬೇರಿದೆ. ಸರಕಾರದ ಅಲಕ್ಷ್ಯವನ್ನು ಬಿಟ್ಟು ಬರಿಯ ಸೀಸೆಯನ್ನು ದೂಷಿಸುವುದು ಅರ್ಧಸತ್ಯ ಎಂಬುದು ಆತನ ವಾದ. ನೂರು ವರ್ಷ ಮೊದಲೇ, 1751ರಲ್ಲಿ, ಹೋಗಾರ್ತ್ ಬರೆದ ‘ಜಿನ್ ಲೇನ್’ ಚಿತ್ರದಲ್ಲಿ ಬೀಳುತ್ತಿರುವ ಮನೆಗಳೂ ಹಸಿವೂ ಕಾಣುತ್ತವೆಯಲ್ಲವೆ? ಈ ಆಕ್ಷೇಪಣೆಗೆ ಜಾರ್ಜ್ ಕಿವಿಗೊಡಲಿಲ್ಲ. ಆತನ ಕಣ್ಣಿಗೆ ಈಗ ಸೀಸೆಯೊಂದೇ ಕಾಣುತ್ತಿತ್ತು.

ಮತಾಂತರ ಹೊಂದಿದವನ ಹುರುಪು ಮಿತಿ ಮೀರುವುದು ಲೋಕದ ಅನುಭವ. ಹಳೆಯ ಮಿತ್ರರ ಊಟದ ಮನೆಗಳಲ್ಲಿ ಆತ ಉಪನ್ಯಾಸ ಮಾಡತೊಡಗಿದ. ಮಕ್ಕಳ ಕಿನ್ನರಿ ಕಥೆಗಳನ್ನೇ ತಿದ್ದಿ ಅವುಗಳಲ್ಲಿ ಪಾನನಿರೋಧದ ಬೋಧೆ ಸೇರಿಸಿದ; 1853ರಲ್ಲಿ ಡಿಕನ್ಸ್ ತೀಕ್ಷ್ಣವಾಗಿ ಪ್ರತಿಭಟಿಸಿ ಬರೆದ; ಸ್ನೇಹ ಮುರಿದುಬಿತ್ತು. ಅರವತ್ತು ದಾಟಿದ ಮೇಲೆ ಕುಡಿಯದವರದೇ ಒಂದು ಸ್ವಯಂಸೇವಕ ದಳ ಕಟ್ಟಿ ಅದರ ನಾಯಕನಾದ. 1857ರಲ್ಲಿ ಲಕ್ನೋವಿನಲ್ಲಿ ಮಡಿದ ಸೇನಾನಿ ಹ್ಯಾವ್‌ಲಾಕನ ಹೆಸರು ಆ ದಳಕ್ಕೆ. ಮುದುಕ ಮೀಸೆ ತಿರುವಿಕೊಂಡು ಕವಾಯಿತು ಮಾಡಿಸುವುದನ್ನು ಕಂಡು, ಒಂದು ಕಾಲಕ್ಕೆ ಇಂಥವರನ್ನೇ ಬರೆದು ನಗಿಸಿದ ಕೈ ಇದೇ ತಾನೆ ಎಂದು ಜನ ನೆನೆದಿರಬೇಕು.

ಆತನ ಕಡೆಯ ಮಹಾಸಾಹಸ ‘ಬ್ಯಾಕಸ್ಸಿನ ಆರಾಧನೆ’ ಎಂಬ ತೈಲಚಿತ್ರ. 1860ರಿಂದ 1862ರವರೆಗೆ ಬರೆದದ್ದು. ಹದಿಮೂರು ಅಡಿಗೂ ಉದ್ದ, ಎಂಟು ಅಡಿಯ ಹತ್ತಿರ ಎತ್ತರ. ಸುಮಾರು 800 ವ್ಯಕ್ತಿಗಳು. ಮದ್ಯದೇವನ ಸುತ್ತ ನಾಮಕರಣ, ಮದುವೆ, ಔತಣ, ಶವಸಂಸ್ಕಾರ, ಎಲ್ಲದರಲ್ಲಿಯೂ ಬಟ್ಟಲು. ಹಿನ್ನೆಲೆಯಲ್ಲಿ ಸೆರೆಮನೆ, ಆಸ್ಪತ್ರೆ, ಹುಚ್ಚಾಸ್ಪತ್ರೆಗಳ ಸಾಲು. ಕುಡಿತ ಕೇವಲ ಬಡವನ ಪಾಪವಲ್ಲ, ಸಭ್ಯಸಮಾಜದ ಪ್ರತಿಯೊಂದು ಶುಭಕಾರ್ಯದಲ್ಲಿಯೂ ಅದಕ್ಕೆ ಪೀಠವಿದೆ ಎಂಬ ಮಾತನ್ನು ಆತ ಇಲ್ಲಿ ಹೇಳಿದ. ಡಿಕನ್ಸನಿಗೆ ಕೊಡದ ಉತ್ತರ ಇದೇ ಇರಬಹುದು. ಥ್ಯಾಕರೆ ಔದಾರ್ಯದಿಂದ ಪತ್ರಿಕೆಯಲ್ಲಿ ಹೊಗಳಿದ. ರಾಣಿ ವಿಕ್ಟೋರಿಯಾ ವಿಂಡ್ಸರಿಗೆ ತರಿಸಿಕೊಂಡು ನೋಡಿದಳು. ಹಣ ಕೊಟ್ಟು ನೋಡಲು ಜನ ಬರಲಿಲ್ಲ. 1869ರಲ್ಲಿ ಚಿತ್ರ ರಾಷ್ಟ್ರೀಯ ಸಂಗ್ರಹಕ್ಕೆ ಸೇರಿತು. ಈಗ ಅದು ಟೇಟ್ ಸಂಗ್ರಹದಲ್ಲಿದೆ.

1878ನೆಯ ಫೆಬ್ರವರಿ 1ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ಜಾರ್ಜ್ ಕ್ರುಕ್‌ಷ್ಯಾಂಕ್ ತೀರಿಕೊಂಡ. ಕೆನ್ಸಲ್ ಗ್ರೀನಿನಲ್ಲಿ ಹೂತ ದೇಹವನ್ನು ಅದೇ ವರ್ಷ ಸೇಂಟ್ ಪಾಲ್ ಮಹಾಮಂದಿರದ ನೆಲಮಾಳಿಗೆಗೆ ಒಯ್ದು ರಾಷ್ಟ್ರಗೌರವ ಸಲ್ಲಿಸಿದರು. ಅಷ್ಟರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಮನೆಯಲ್ಲಿ ಹಿಂದೆ ಸೇವಕಿಯಾಗಿದ್ದ ಅಡಿಲೇಡ್ ಎಂಬಾಕೆಯೊಡನೆ, ತನ್ನ ಮನೆಗೆ ಸಮೀಪದಲ್ಲಿಯೇ, ಆತ ಇನ್ನೊಂದು ಸಂಸಾರ ನಡೆಸಿದ್ದ. ಆಕೆಯಲ್ಲಿ ಆತನಿಗೆ ಹನ್ನೊಂದು ಮಕ್ಕಳು. ಮಕ್ಕಳಿಲ್ಲದ ಧರ್ಮಪತ್ನಿ ಎಲೈಜಾ ಗಂಡನ ಸದ್ಗುಣಗಳನ್ನು ಲೋಕಕ್ಕೆ ಸಾರುತ್ತಿದ್ದಳು. ಸಾಯುವ ಕಾಲಕ್ಕೂ ಆತ ಬಡವ. ಬಾಳಿನುದ್ದಕ್ಕೂ ದುಡಿದದ್ದು ಎಲ್ಲಿ ಹೋಯಿತೆಂದು ಬೆರಗಾಗಿದ್ದವರಿಗೆ ಉತ್ತರ ಸಿಕ್ಕಿತು. ಒಂದು ಪ್ರಲೋಭನೆಯನ್ನು ಲೋಕದ ಮುಂದೆ ಗೆದ್ದವನು ಇನ್ನೊಂದನ್ನು ಲೋಕದಿಂದ ಮರೆಮಾಡಿದ್ದ. ‘ಜಿನ್ ಅಂಗಡಿ’ಯ ಚಿತ್ರದಲ್ಲಿ ಮುಖವಾಡ ತೊಟ್ಟವಳನ್ನು ಬರೆದವನಿಗೆ ಮುಖವಾಡದ ಭಾರ ತಿಳಿದೇ ಇತ್ತು.

ಈ ವಿಷಯ ತಿಳಿದಂದು ನನಗೆ ಆತನ ಮೇಲೆ ಜಿಗುಪ್ಸೆ ಹುಟ್ಟಿತೆಂದು ಒಪ್ಪಿಕೊಳ್ಳುತ್ತೇನೆ. ಆಗ ನನ್ನ ತರಗತಿಯ ಒಂದು ಘಟನೆ ನೆನಪಾಯಿತು. ಉಪಾಧ್ಯಾಯನಾದ ಹೊಸತರಲ್ಲಿ, ಊರೂರಲ್ಲಿ ಸಾರಾಯಿಯ ಪೊಟ್ಟಣಗಳು ಮಾರಾಟವಾಗುತ್ತಿದ್ದ ದಿನಗಳಲ್ಲಿ, ನಾನು ‘ಸೀಸೆ’ಯ ಎಂಟು ಚಿತ್ರಗಳ ಪ್ರತಿಯನ್ನು ಗೋಡೆಗೆ ಅಂಟಿಸಿ ಹುಡುಗರಿಗೆ ಒಂದೊಂದನ್ನೇ ವಿವರಿಸಿದ್ದೆ. ಒಳ್ಳೆಯ ಪಾಠ ಹೇಳಿದೆನೆಂಬ ಹೆಮ್ಮೆ ನನಗಿತ್ತು. ಮೂರನೆಯ ಸಾಲಿನ ಒಬ್ಬ ಹುಡುಗ ಮಾತ್ರ ಮೊದಲನೆಯ ಚಿತ್ರವಾದ ಮೇಲೆ ತಲೆಯೆತ್ತಲೇ ಇಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಆತ ಬಂದು, ಐದನೆಯ ಚಿತ್ರವನ್ನು ಮಾತ್ರ ತೆಗೆದುಬಿಡಿರೆಂದು ಮೆಲ್ಲನೆ ಬೇಡಿಕೊಂಡ. ಅವನ ಮನೆಯ ಸ್ಥಿತಿ ನನಗೆ ಅನಂತರ ತಿಳಿಯಿತು. ಸೀಸೆ ಹಿಡಿದವನಿಗೆ ತಲುಪಬೇಕಾದ ಚಿತ್ರ ಆ ಮನೆಯ ಕೂಸಿಗೆ ತಲುಪಿತ್ತು. ಡಿಕನ್ಸನ ಮಾತು ನನಗೆ ಅರ್ಥವಾದದ್ದು ಅಂದು. ಕೇಡನ್ನು ಬಲ್ಲವನಿಗೆ ಕೇಡಿನ ಚಿತ್ರ ಬೇಕಿಲ್ಲ; ಅವನಿಗೆ ಬೇಕಾದದ್ದು ಬೇರೆ. ನಾನು ಎಂಟನ್ನೂ ತೆಗೆದೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ಮಾರಾಟ ನಿಷಿದ್ಧವಾದಾಗ ನನಗೆ ಮೊದಲು ನೆನಪಾದದ್ದು ಆ ಹುಡುಗನೇ. ಅಷ್ಟರಲ್ಲಿ ಅವನು ಎಲ್ಲಿದ್ದನೋ.

ಹಾಗಾದರೆ ಜಾರ್ಜನ ಚಿತ್ರ ವ್ಯರ್ಥವೇ? ಹಾಗೆನ್ನಲು ಮನಸ್ಸು ಬಾರದು. ನಾನು ಆ ಚಿತ್ರಗಳನ್ನು ಗೋಡೆಯಿಂದ ತೆಗೆದೆನಾದರೂ ಆ ಹುಡುಗ ನನ್ನ ಬಳಿಗೆ ಬಂದು ಬಾಯಿಬಿಟ್ಟದ್ದು ಅವುಗಳಿಂದಲೇ. ಆಮೇಲೆ ಪ್ರತಿದಿನ ಸಂಜೆ ಅವನು ನನ್ನ ಮನೆಯ ಜಗಲಿಯಲ್ಲಿ ಕುಳಿತು ಓದಿಕೊಂಡ. ಮಾತಾಡಲಾಗದ್ದನ್ನು ಚಿತ್ರ ಎತ್ತಿ ಎದುರಿಗಿಡುತ್ತದೆ. ಮುಂದಿನ ಕೆಲಸ ನಮ್ಮದು. ಜಾರ್ಜನ ತಪ್ಪು ಚಿತ್ರ ಬರೆದದ್ದರಲ್ಲಿಲ್ಲ. ಚಿತ್ರವೇ ಸಾಕೆಂದು ನಂಬಿದ್ದರಲ್ಲಿ.

ಇನ್ನು ಆತನ ಬಾಳಿನ ಮಾತು. ಅಂಗಡಿಯ ಗಾಜಿನ ಹೊರಗೆ ನಿಂತು ಒಳಗಿನವರನ್ನು ನೋಡಿ ನಗುವ ವ್ಯಂಗ್ಯಕಾರ ಎಷ್ಟೋ ಮಂದಿ. ಈತ ಗಾಜಿನ ಎರಡೂ ಕಡೆ ಇದ್ದ. ಟಾಮನೊಡನೆ ಕುಣಿದ, ತಂದೆಯ ಹೆಣ ಹೊತ್ತ, ತನ್ನ ಬಟ್ಟಲನ್ನು ತಾನೇ ಒಡೆದ, ಮತ್ತೊಂದು ಬಾಗಿಲಿನಿಂದ ಗುಟ್ಟಾಗಿ ಒಳಗೆ ಹೋದ. ಪ್ರಲೋಭನೆಯನ್ನು ಅರಿಯದ ಸಂತನ ಕೈಯಿಂದ ಆ ಬೋನಿನ ಹಲ್ಲುಗಳು ಅಷ್ಟು ಮೊನಚಾಗಿ ಮೂಡುತ್ತಿರಲಿಲ್ಲ. ಆತ ಬರೆದದ್ದು ಹೆಚ್ಚುಕಡಮೆ ಹತ್ತು ಸಾವಿರ ಚಿತ್ರಗಳೆನ್ನುತ್ತಾರೆ. ಅವುಗಳಲ್ಲಿ ಯಾವುದನ್ನು ನೋಡಿದರೂ ನನಗೆ ಈಗ ಜಿಗುಪ್ಸೆಯಾಗುವುದಿಲ್ಲ. ಮೆಚ್ಚಬೇಕೋ ಮರುಗಬೇಕೋ ಎಂದು ಬಹುಕಾಲ ತೂಗಿದ ನಾನು, ಎರಡೂ ಒಂದೇ ಮನುಷ್ಯನಿಗೆ ಸಲ್ಲಬಹುದೆಂದು ಕಡೆಗೆ ಕಂಡುಕೊಂಡೆ. ಆ ಹಳೆಯ ‘ಆಲಿವರ್ ಟ್ವಿಸ್ಟ್’ ನಿವೃತ್ತನಾಗುವಾಗ ಶಾಲೆಯಲ್ಲಿಯೇ ಉಳಿಯಿತು. ಬೆನ್ನುಕಟ್ಟನ್ನು ಮಾತ್ರ ಹೊಸದಾಗಿ ಹಾಕಿಸಿಕೊಟ್ಟು ಬಂದೆ.